9 ವರ್ಷದ ಮಗನಿಗೆ ಬೊಜ್ಜು ಅಂದಿದ್ದಾರೆ. ನಿಜವಾಗಿ ಕೆಲಸ ಮಾಡುವುದು ಯಾವುದು?

ಮೈಸೂರಿನ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಮಗನಿಗೆ 9 ವರ್ಷ, ನಾಲ್ಕನೇ ಕ್ಲಾಸು. ಎತ್ತರ 136 ಸೆಂ.ಮೀ., ತೂಕ 42 ಕೆ.ಜಿ. ಮೊನ್ನೆ ಜ್ವರ ಅಂತ ತೋರಿಸಲು ಹೋದಾಗ ಡಾಕ್ಟರ್ ಅವನ ಕಾಲರ್ ಸರಿಸಿ ಕತ್ತಿನ ಹಿಂದೆ ನೋಡಿದರು. ಅಲ್ಲಿ ಚರ್ಮ ಕಪ್ಪಗೆ, ಸ್ವಲ್ಪ ದಪ್ಪಗೆ, ಮುಟ್ಟಿದರೆ ಮಖಮಲ್ಲಿನ ಥರ ಇದೆ. ಅತ್ತೆ ಪ್ರತಿ ಭಾನುವಾರ ಕಡಲೆಹಿಟ್ಟು ಹಾಕಿ ಉಜ್ಜುತ್ತಾರೆ, ಹೋಗುವುದೇ ಇಲ್ಲ. "ಇದು ಕೊಳೆ ಅಲ್ಲಮ್ಮ, ಇನ್ಸುಲಿನ್ ಜಾಸ್ತಿ ಓಡುತ್ತಿರುವುದರ ಗುರುತು" ಅಂದರು. ಆಮೇಲೆ ಒಂದು ಚಾರ್ಟ್ ತೆಗೆದು ಚುಕ್ಕಿ ಇಟ್ಟು, ಬೊಜ್ಜಿನ ಗೆರೆ ದಾಟಿದ್ದಾನೆ ಅಂತ ತೋರಿಸಿದರು. ಒಂದು ಡಯಟ್ ಶೀಟ್ ಕೊಟ್ಟರು. ಹೊರಗೆ ಇನ್ನೂ ಹದಿನೈದು ಜನ ಕಾಯುತ್ತಿದ್ದರು, ಅಲ್ಲಿಗೆ ಮಾತು ಮುಗಿಯಿತು.

ಮನೆಗೆ ಬಂದರೆ ಒಬ್ಬೊಬ್ಬರದು ಒಂದೊಂದು ಮಾತು. ಅತ್ತೆ ಹೇಳುವುದು, ಬೆಳೆಯುವ ಮಗು, ಉದ್ದ ಆದಾಗ ತಾನಾಗೇ ಇಳಿಯುತ್ತೆ, ಸುಮ್ನೆ ಹೊಟ್ಟೆಗೆ ಹಾಕದೆ ಸಾಯಿಸಬೇಡಿ ಅಂತ. ನಮ್ಮವರು ಈಜಿಗೆ ಸೇರಿಸೋಣ, ಎಲ್ಲ ಸರಿಹೋಗುತ್ತೆ ಅನ್ನುತ್ತಾರೆ. ನಾದಿನಿ ತೂಕ ಇಳಿಸುವ ಇಂಜೆಕ್ಷನ್ ಸುದ್ದಿ ಕಳಿಸಿದ್ದಾಳೆ. ನನಗೆ ಬೇಕಿರುವುದು ಮಕ್ಕಳ ಮೇಲೆಯೇ ಪರೀಕ್ಷೆ ಮಾಡಿ ನೋಡಿದ ವಿಷಯ, ವಾಟ್ಸಾಪಿನದಲ್ಲ. ತಾನಾಗೇ ಇಳಿಯುತ್ತಾ? ಡಯಟ್ ಶೀಟಿನಿಂದ ಉಪಯೋಗ ಇದೆಯಾ? ಇನ್ನೊಂದು, ಮಗಳಿಗೆ 6 ವರ್ಷ, ಸಣ್ಣಗಿದ್ದಾಳೆ. ಒಂದೇ ಮನೆಯಲ್ಲಿ ಅವಳಿಗೆ ತುಪ್ಪದ ದೋಸೆ, ಇವನಿಗೆ ಸೌತೆಕಾಯಿ ಅಂತ ಹೇಗೆ ಹಾಕುವುದು?

---

ಮಕ್ಕಳ ಡಾಕ್ಟರ್, ದಾವಣಗೆರೆ

ಮೇಡಂ, ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು, ಅದಕ್ಕೆ ಬರುತ್ತೇನೆ.

ಮೊದಲು ತಾನಾಗೇ ಇಳಿಯುತ್ತಾ ಅನ್ನುವುದು. ಜರ್ಮನಿಯ ಲೈಪ್‌ಜಿಗ್‌ನಲ್ಲಿ 51,505 ಮಕ್ಕಳ ಎತ್ತರ, ತೂಕದ ದಾಖಲೆ ಇಟ್ಟುಕೊಂಡು ಚಿಕ್ಕಂದಿನಿಂದ ಹದಿಹರೆಯದವರೆಗೆ ಏನಾಯಿತು ಅಂತ ನೋಡಿದರು. 2018ರಲ್ಲಿ ಪ್ರಕಟವಾಯಿತು. 3 ವರ್ಷಕ್ಕೆ ಬೊಜ್ಜಿದ್ದ ಮಕ್ಕಳಲ್ಲಿ ಹತ್ತಿರ ಹತ್ತಿರ ಶೇ. 90 ಮಂದಿ ಹದಿಹರೆಯದಲ್ಲೂ ದಪ್ಪಗೇ ಉಳಿದಿದ್ದರು. 2ರಿಂದ 6 ವರ್ಷದ ನಡುವೆ ಬಿಎಂಐ (ಕೆ.ಜಿ.ಯಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ) ಸರಸರ ಏರಿದವರಲ್ಲಿ ಅಪಾಯ ಜಾಸ್ತಿ. ಅಜ್ಜಿಯರ ಮಾತು ಹಸುಗೂಸಿನ ವಿಷಯದಲ್ಲಿ ಸರಿ, ಒಂದು ವರ್ಷ ದಾಟಿದ ಮೇಲೆ ಮಕ್ಕಳು ಸಣ್ಣಗಾಗುತ್ತಾ ಹೋಗುವುದು ಸಹಜ. ಆದರೆ 9 ವರ್ಷಕ್ಕೆ ಕತ್ತು ಕಪ್ಪಾಗಿರುವ ಹುಡುಗನ ವಿಷಯದಲ್ಲಿ ಕಾದು ನೋಡೋಣ ಅನ್ನುವಂತಿಲ್ಲ.

ಹಾಗಂತ ತೂಕ ಇಳಿಸಲೇಬೇಕು ಅಂತಲೂ ಅಲ್ಲ. ಲೆಕ್ಕ ನೋಡಿ. 136 ಸೆಂ.ಮೀ., 42 ಕೆ.ಜಿ. ಅಂದರೆ ಬಿಎಂಐ 22.7. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 9 ವರ್ಷದ ಗಂಡುಮಕ್ಕಳಿಗೆ ಬೊಜ್ಜಿನ ಗೆರೆ 20.5ರ ಹತ್ತಿರ. ಈ ವಯಸ್ಸಿನಲ್ಲಿ ವರ್ಷಕ್ಕೆ 5-6 ಸೆಂ.ಮೀ. ಬೆಳೆಯುತ್ತಾರೆ. ಮುಂದಿನ ವರ್ಷ 142 ಆಗಿ, ತೂಕ 42ರಲ್ಲೇ ನಿಂತರೆ ಬಿಎಂಐ 20.8. 10 ವರ್ಷಕ್ಕೆ ಗೆರೆ 21.4. ಅಂದರೆ ಒಂದು ಕೆ.ಜಿ. ಕೂಡ ಇಳಿಸದೆ ಗೆರೆಯ ಕೆಳಗೆ ಬಂದ. ನಿಮ್ಮ ಅತ್ತೆಯವರಿಗೆ ಇದನ್ನು ಹೇಳಿ, ಅವರು ಹೇಳುವ "ಉದ್ದ ಆದಾಗ" ಇಲ್ಲಿ ಕೆಲಸಕ್ಕೆ ಬರುತ್ತದೆ, ತೂಕ ನಿಂತರೆ ಮಾತ್ರ.

ಈಗ ಊಟದ ವಿಷಯ. ಬೇರೆ ಬೇರೆ ಹಾಕಬೇಡಿ. ಅಮೆರಿಕದ ಬಫಲೋದಲ್ಲಿ ಲೆನರ್ಡ್ ಎಪ್‌ಸ್ಟೀನ್ ಅನ್ನುವವರು ದಶಕಗಳಿಂದ ಮಾಡುತ್ತಾ ಬಂದಿರುವ ಚಿಕಿತ್ಸೆ ಇದೆ, ಮಗುವಿನ ಜೊತೆಗೆ ಅಪ್ಪ ಅಥವಾ ಅಮ್ಮನೂ ರೂಢಿ ಬದಲಿಸಬೇಕು. ತಿಂಡಿಗಳನ್ನು ಟ್ರಾಫಿಕ್ ಸಿಗ್ನಲ್ ಬಣ್ಣದಲ್ಲಿ ಹಂಚುತ್ತಾರೆ. ನಮ್ಮ ಕಡೆಗೆ ಹೊಂದಿಸಿ ಹೇಳಿದರೆ ಸೊಪ್ಪು, ಕೋಸಂಬರಿ, ಪಲ್ಯ, ಸೀಬೆಹಣ್ಣು ಹಸಿರು. ಮುದ್ದೆ, ಅನ್ನ, ಇಡ್ಲಿ, ಬೇಳೆ ಹಳದಿ, ಅಳತೆ ನೋಡಿಕೊಂಡು. ಪಫ್, ದಿಲ್‌ಪಸಂದ್, ಚಿಪ್ಸ್, ಬಾಟಲಿ ಜ್ಯೂಸ್ ಕೆಂಪು. 2023ರಲ್ಲಿ ಅವರದೇ ತಂಡ ಇದನ್ನು ಮಾಮೂಲಿ ಮಕ್ಕಳ ಕ್ಲಿನಿಕ್‌ಗಳಲ್ಲಿ, 6ರಿಂದ 12 ವರ್ಷದ 452 ಮಕ್ಕಳಲ್ಲಿ, ಎರಡು ವರ್ಷ ಮಾಡಿ ನೋಡಿತು. ಮಾಮೂಲಿ ಸಲಹೆ ಪಡೆದವರಿಗಿಂತ ಈ ಮಕ್ಕಳಿಗೆ ಗುಣ ಕಂಡಿತು, ಅಪ್ಪ ಅಮ್ಮಂದಿರಿಗೂ ಕಂಡಿತು. ನಿಮಗೆ ಬೇಕಾದ ಮಾತು ಇದು: ಚಿಕಿತ್ಸೆಯಲ್ಲೇ ಇರದ ಅಣ್ಣ, ತಮ್ಮ, ಅಕ್ಕ, ತಂಗಿಯರಿಗೂ ಅದರ ಲಾಭ ಸಿಕ್ಕಿತು. ಮನೆಯ ಅಡುಗೆಯೇ ಬದಲಾದಾಗ ಎಲ್ಲರದೂ ಬದಲಾಗುತ್ತೆ, ಅಲ್ವಾ.

ಡಯಟ್ ಶೀಟ್ ಒಂದರಿಂದಲೇ ಏನೂ ಆಗುವುದಿಲ್ಲ, ಅದು ಕೊಟ್ಟ ಡಾಕ್ಟರಿಗೂ ಗೊತ್ತಿರುತ್ತೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರ ಮಾರ್ಗಸೂಚಿಯಲ್ಲಿ 3ರಿಂದ 12 ತಿಂಗಳಲ್ಲಿ ಕನಿಷ್ಠ 26 ಗಂಟೆ ಕುಟುಂಬದ ಜೊತೆ ಕೂತು ಕೆಲಸ ಮಾಡಬೇಕು ಅನ್ನುತ್ತದೆ. ನಮ್ಮ ಓಪಿಡಿಯಲ್ಲಿ ಒಂದು ಮಗುವಿಗೆ ಐದು ನಿಮಿಷ ಸಿಕ್ಕರೆ ಹೆಚ್ಚು. ಹಾಗಾಗಿ ತಿಂಗಳಿಗೊಮ್ಮೆ ತೋರಿಸಿ, ಸಾಧ್ಯವಾದರೆ ಮಕ್ಕಳ ಆಹಾರ ತಜ್ಞರು ಇರುವ ಕಡೆ ಹೋಗಿ.

ಒಂದು ಟೇಪು ತಗೊಂಡು ಸೊಂಟದ ಸುತ್ತಳತೆಯನ್ನೂ ನೋಡಿ. ಎತ್ತರದ ಅರ್ಧ, ಅಂದರೆ ಇವನಿಗೆ 68 ಸೆಂ.ಮೀ. ದಾಟಿದ್ದರೆ ಹೊಟ್ಟೆಯೊಳಗೆ ಕೊಬ್ಬು ಕೂತಿದೆ ಅಂತ ಅನುಮಾನ ಪಡಬೇಕು.

---

ಅಳತೆ ಟೇಪು

ಅಕ್ಕ, ನೀವು ಮೈಸೂರಿನವರು ಅಂದಿರಿ, ಅದಕ್ಕೇ ಬರೆಯಬೇಕು ಅನ್ನಿಸಿತು. ಈ ವಿಷಯದಲ್ಲಿ ಪ್ರಪಂಚ ಓದುವ ಸಂಶೋಧನೆ ನಿಮ್ಮ ಊರಲ್ಲೇ ಆಗಿದೆ.

ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಎಲ್ಲ ಬರೆದಿಟ್ಟಿದ್ದರು. ಆ ಹಳೇ ದಾಖಲೆ ಹಿಡಿದು, ಅದರಲ್ಲಿದ್ದ ಕೂಸುಗಳು ದೊಡ್ಡವರಾದ ಮೇಲೆ ಅವರನ್ನೇ ಹುಡುಕಿ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ನೋಡಿದರು. ಆಮೇಲೆ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ 800ಕ್ಕೂ ಹೆಚ್ಚು ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಡಾ. ಜಿ. ವಿ. ಕೃಷ್ಣವೇಣಿ ಮತ್ತು ಅವರ ತಂಡ ಆ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಳತೆ ಮಾಡಿದೆ.

ನಾನು ಬೇರೆ ಊರಲ್ಲಿ, ಇಂಥದ್ದೇ ಕೆಲಸದಲ್ಲಿ, ಅಳತೆ ತೆಗೆಯುವವಳಾಗಿದ್ದೆ. ಕೂಸಿನ ಬೆನ್ನಲ್ಲಿ ಹೆಗಲಮೂಳೆಯ ಕೆಳತುದಿ ಹುಡುಕಿ, ಅಲ್ಲಿನ ಚರ್ಮವನ್ನು ಎರಡು ಬೆರಳಲ್ಲಿ ಮಡಿಸಿ ಎತ್ತಿ, ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು ಮುಳ್ಳು ನಿಲ್ಲುವವರೆಗೆ ಕಾಯಬೇಕು. ಕೂಸು ಅಳುತ್ತೆ, ತಾಯಿ ಕೈ ಹಿಡಿಯುತ್ತಾಳೆ, ಮತ್ತೆ ಮೊದಲಿಂದ. ಆ ಕೆಲವು ಮಿಲಿಮೀಟರಿನಲ್ಲೇ ಕಥೆ ಇರುವುದು. ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ನೋಡಿದಾಗ ಅಲ್ಲಿನ ಹಳ್ಳಿ ಕೂಸುಗಳು ಸರಾಸರಿ 2.7 ಕೆ.ಜಿ., ಇಂಗ್ಲೆಂಡಿನವು 3.5 ಕೆ.ಜಿ. ಮಾಂಸಖಂಡ ಕಡಿಮೆ, ಹೊಟ್ಟೆ ಭಾಗ ಸಣ್ಣ, ಆದರೆ ಬೆನ್ನಿನ ಈ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇರಲಿಲ್ಲ. ಮೈಸೂರಿನ ಕೂಸುಗಳಲ್ಲೂ ಹಾಗೇ ಕಂಡಿತು. ನೋಡಲು ಸಣ್ಣ, ಒಳಗೆ ಕೊಬ್ಬು. ಹಾಗಾಗಿ ನಮ್ಮ ಮಕ್ಕಳಿಗೆ ತೂಕದ ಗೆರೆ ದಾಟುವ ಮೊದಲೇ ಇನ್ಸುಲಿನ್ ತೊಂದರೆ ಶುರುವಾಗಬಹುದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ ನಮ್ಮದೇ ಚಾರ್ಟ್ ಮಾಡಿ, ದೊಡ್ಡವರ ಬಿಎಂಐ 23 (ಅತಿತೂಕ) ಮತ್ತು 27ಕ್ಕೆ (ಬೊಜ್ಜು) ಸರಿಹೊಂದುವ ಗೆರೆ ಹಾಕಿದ್ದು ಇದಕ್ಕೇ.

ಒಂದು ವಿಷಯ ಕೇಳಲೇಬೇಕು. ಬಸುರಿಯಲ್ಲಿ ನಿಮಗೆ ಶುಗರ್ ಬಂದಿತ್ತಾ? ಪಾರ್ಥೆನಾನ್ ಅಧ್ಯಯನದಲ್ಲಿ ಶೇ. 6ರಷ್ಟು ತಾಯಂದಿರಿಗೆ ಬಂದಿತ್ತು. ಅವರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, 5 ವರ್ಷಕ್ಕೇ ಕೊಬ್ಬು ಜಾಸ್ತಿ ಕಂಡಿತು. 9-10 ವರ್ಷದ ಹೊತ್ತಿಗೆ ಗಂಡುಮಕ್ಕಳಲ್ಲೂ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವ ಗುರುತು ಸಿಕ್ಕಿತು. ಬಂದಿದ್ದರೆ ಡಾಕ್ಟರಿಗೆ ಹೇಳಿ. ನಿಮ್ಮನ್ನು ದೂರಲು ಕೇಳುತ್ತಿಲ್ಲ, ಬೇಕು ಅಂತ ಯಾರೂ ಶುಗರ್ ತರಿಸಿಕೊಳ್ಳುವುದಿಲ್ಲ. ಹಾಗೇನಾದರೂ ಇದ್ದರೆ ಸಣ್ಣಗಿರುವ ಮಗಳನ್ನೂ ಒಮ್ಮೆ ತೋರಿಸುವುದು ಒಳ್ಳೆಯದು.

---

ಪಿಟಿ ಮೇಷ್ಟ್ರು, ತುಮಕೂರು

ಈಜಿನ ಬಗ್ಗೆ ಎರಡು ಮಾತು. ಮಕ್ಕಳಲ್ಲಿ ಬೊಜ್ಜು ತಡೆಗಟ್ಟುವ ಪ್ರಯತ್ನಗಳ ಮೇಲಿನ ಎಲ್ಲ ಒಳ್ಳೆಯ ಅಧ್ಯಯನಗಳನ್ನು ಒಟ್ಟು ಹಾಕಿ ಕೊಕ್ರೇನ್ ಸಂಸ್ಥೆ 2024ರಲ್ಲಿ ವರದಿ ಕೊಟ್ಟಿದೆ. 5ರಿಂದ 11 ವರ್ಷದವರದೇ 172 ಅಧ್ಯಯನ. ಆಟ ಓಟ ಜಾಸ್ತಿ ಮಾಡಿಸಿದಾಗ, ಅಥವಾ ಆಟದ ಜೊತೆ ಊಟವನ್ನೂ ಸರಿಪಡಿಸಿದಾಗ ಬಿಎಂಐ ಸ್ವಲ್ಪ ಇಳಿಯುತ್ತದೆ. ಸ್ವಲ್ಪ ಅಂದರೆ ಸ್ವಲ್ಪವೇ. ಊಟದ ಬಗ್ಗೆ ಮಾತ್ರ ಪಾಠ ಮಾಡಿದರೆ ಅಷ್ಟೂ ಇಲ್ಲ. ಅದಕ್ಕೆ ಈಜಿಗೆ ಹಾಕಿದ ತಕ್ಷಣ ತೂಕ ಇಳಿಯುತ್ತೆ ಅಂತ ಮಗುವಿಗೆ ಹೇಳಬೇಡಿ, ಇಳಿಯದಿದ್ದರೆ ಅವನು ಈಜನ್ನೇ ಬಿಟ್ಟುಬಿಡುತ್ತಾನೆ. ಉಸಿರು, ಕಾಲಿನ ಶಕ್ತಿ, ನಿದ್ದೆ, ಖುಷಿ ಎಲ್ಲ ಚೆನ್ನಾಗಾಗುತ್ತೆ, ಅದಕ್ಕಾಗಿ ಸೇರಿಸಿ.

ದಿನಕ್ಕೆ 60 ನಿಮಿಷ ಮೈ ಬೆವರುವಂತೆ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನಮ್ಮಲ್ಲಿ ವಾರಕ್ಕೆ ಎರಡು ಪಿಟಿ ಪೀರಿಯಡ್, ಪರೀಕ್ಷೆ ಹತ್ತಿರ ಬಂದರೆ ಅದೂ ಗಣಿತಕ್ಕೆ ಹೋಗುತ್ತೆ. ದಪ್ಪಗಿರುವ ಹುಡುಗನನ್ನು ಟೀಮಿಗೆ ಕೊನೆಗೆ ಕರೆಯುತ್ತಾರೆ, ಎರಡು ಸಲ ಹಾಗಾದರೆ ಮೂರನೇ ಸಲ ಅವನು ಹೊಟ್ಟೆನೋವು ಅಂತ ಕ್ಲಾಸಲ್ಲೇ ಕೂರುತ್ತಾನೆ. ನಾನು ಅಂಥವರಿಗೆ ಶಾಟ್‌ಪುಟ್, ಕಬಡ್ಡಿ, ಹಗ್ಗಜಗ್ಗಾಟ ಕೊಡುತ್ತೇನೆ. ಅಲ್ಲಿ ಅವರ ಮೈಕಟ್ಟೇ ಅವರಿಗೆ ಬಲ. ನಿಮ್ಮ ಮಗನ ಪಿಟಿ ಮೇಷ್ಟ್ರ ಹತ್ತಿರ ಒಮ್ಮೆ ಹೋಗಿ ಮಾತಾಡಿ, ಪೋಷಕರ ಸಭೆಯಲ್ಲಿ ನಮ್ಮ ಹತ್ತಿರ ಯಾರೂ ಬರುವುದಿಲ್ಲ.

---

ಹುಬ್ಬಳ್ಳಿಯ ಅಪ್ಪ

ಅಕ್ಕಾರ, ನಮ್ಮ ಮಗಳೂ ಇದೇ ವಯಸ್ಸಿನಲ್ಲಿ ಇದೇ ಪರಿಸ್ಥಿತಿಯಲ್ಲಿದ್ದಳು. ಡಾಕ್ಟರ್ ಹೇಳಿದ್ದು ಪೂರ್ತಿ ನಿಜ, ಮನೆ ಬದಲಾಗಬೇಕು. ನಾವು ಶುರು ಮಾಡಿದ್ದು ತಿಂಗಳ ಸಾಮಾನಿನ ಚೀಟಿಯಿಂದ. ಬಿಸ್ಕತ್ತು, ಕುರುಕಲು, ಹಾಲಿಗೆ ಹಾಕುವ ಚಾಕೊಲೇಟ್ ಪುಡಿ, ಇವು ಮೂರನ್ನೂ ಚೀಟಿಯಿಂದ ತೆಗೆದೆವು. ಡಬ್ಬಿಯಲ್ಲಿ ಇಲ್ಲದ್ದಕ್ಕೆ ಜಗಳ ಇಲ್ಲ. ಇದ್ದು, ನೀನು ತಿನ್ನಬೇಡ ಅಂದರೆ ದಿನಾ ಜಗಳ. ಆ ಪುಡಿ ಡಬ್ಬದ ಹಿಂದೆ ಸಕ್ಕರೆ ಎಷ್ಟು ಗ್ರಾಂ ಅಂತ ಓದಿ ನೋಡಿ. 2024ರಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಇವನ್ನೆಲ್ಲ 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಅಂದಿದೆ.

ಸಂಜೆ ಹೊತ್ತು ಕಷ್ಟ. ಶಾಲೆ ಬಿಟ್ಟ ತಕ್ಷಣ ಹಸಿವು, ಟ್ಯೂಷನ್‌ಗೆ ಹೋಗುವ ದಾರಿಯಲ್ಲೇ ಬೇಕರಿ. ಈಗ ಮನೆಗೆ ಬಂದು, ಬಿಸಿ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ ತಿಂದೇ ಟ್ಯೂಷನ್‌ಗೆ ಹೋಗುತ್ತಾಳೆ. ಹೊಟ್ಟೆ ತುಂಬಿದ್ದರೆ ಬೇಕರಿ ಕಡೆ ಅಷ್ಟು ಎಳೆತ ಇರುವುದಿಲ್ಲ. ರಾತ್ರಿ ಮೊಬೈಲು ಅಡುಗೆಮನೆಯಲ್ಲಿ ಚಾರ್ಜಿಗೆ, ನಮ್ಮಿಬ್ಬರದೂ. ಒಂಬತ್ತೂವರೆಗೆ ಮಲಗುತ್ತಾಳೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು 2007ರಲ್ಲೇ ಇಲ್ಲಿನ ಮಕ್ಕಳಲ್ಲಿ ಟಿವಿ ಜಾಸ್ತಿ, ನಿದ್ದೆ ಕಡಿಮೆ ಇದ್ದವರಲ್ಲಿ ತೂಕ ಜಾಸ್ತಿ ಅಂತ ತೋರಿಸಿದ್ದರು.

ಆದರೆ ಎಲ್ಲವನ್ನೂ ಅಪ್ಪ ಅಮ್ಮನ ತಲೆಗೆ ಕಟ್ಟುವುದು ನನಗೆ ಒಪ್ಪಿಗೆ ಇಲ್ಲ. ಆಡಲು ಮೈದಾನ ಎಲ್ಲಿದೆ? ನಮ್ಮ ಬಡಾವಣೆಯ ಪಾರ್ಕಿನಲ್ಲಿ "ಚೆಂಡಾಟ ನಿಷೇಧಿಸಿದೆ" ಅಂತ ಬೋರ್ಡು.

---

ಲೀಡ್ಸ್‌ನಿಂದ ಕನ್ನಡತಿ

ಹುಬ್ಬಳ್ಳಿ ಅಣ್ಣ ಹೇಳಿದ ಕೊನೇ ಮಾತಿಗೆ ಈಗ ದೊಡ್ಡ ಪುರಾವೆಯೇ ಇದೆ. 2025ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಒಂದು ವರ್ಷದೊಳಗೇ ಶುರುಮಾಡಿ, ತಂದೆ ತಾಯಿಗೆ ಮಗುವಿನ ಊಟ, ನಿದ್ದೆ, ಆಟದ ಬಗ್ಗೆ ಕಲಿಸಿದ 17 ಪ್ರಯೋಗಗಳ, 9,128 ಮಕ್ಕಳ ಲೆಕ್ಕ ಒಟ್ಟು ಹಾಕಿದರು. ಎರಡು ವರ್ಷ ತುಂಬುವ ಹೊತ್ತಿಗೆ ಬಿಎಂಐನಲ್ಲಿ ಏನೂ ವ್ಯತ್ಯಾಸ ಇಲ್ಲ. ಅಪ್ಪ ಅಮ್ಮಂದಿರು ಕೇಳಿಸಿಕೊಳ್ಳಲಿಲ್ಲ ಅಂತಲ್ಲ, ಕೈಗೆ ಪುಸ್ತಕ ಕೊಟ್ಟು, ಅಂಗಡಿ, ಬೀದಿ, ಜಾಹೀರಾತು, ಕೆಲಸದ ವೇಳೆ ಎಲ್ಲ ಇದ್ದ ಹಾಗೇ ಇಟ್ಟರೆ ಇನ್ನೇನಾಗುತ್ತೆ?

ಇಲ್ಲಿ ಇಂಗ್ಲೆಂಡಿನಲ್ಲಿ ಶಾಲೆಗೆ ಸೇರಿದ ವರ್ಷ ಒಮ್ಮೆ, 10-11 ವರ್ಷಕ್ಕೆ ಇನ್ನೊಮ್ಮೆ ಎಲ್ಲ ಮಕ್ಕಳ ತೂಕ ನೋಡುತ್ತಾರೆ. ಆ ದಾಖಲೆ ಇರುವುದರಿಂದ ಯಾವುದು ಕೆಲಸ ಮಾಡಿತು ಅಂತ ಲೆಕ್ಕ ಹಾಕಬಹುದು. 2018ರ ಏಪ್ರಿಲ್‌ನಿಂದ ಸಕ್ಕರೆ ಪಾನೀಯಕ್ಕೆ ತೆರಿಗೆ ಬಂತು. ಸಕ್ಕರೆ ಎಷ್ಟು ಜಾಸ್ತಿಯೋ ತೆರಿಗೆ ಅಷ್ಟು ಜಾಸ್ತಿ. ಕಂಪನಿಗಳು ತೆರಿಗೆ ತಪ್ಪಿಸಲು ಸಕ್ಕರೆಯನ್ನೇ ಕಡಿಮೆ ಮಾಡಿದವು. ಕೇಂಬ್ರಿಡ್ಜ್‌ನವರು ನೋಡಿದಾಗ 10-11 ವರ್ಷದ ಹೆಣ್ಣುಮಕ್ಕಳಲ್ಲಿ ಬೊಜ್ಜು, ತೆರಿಗೆ ಇಲ್ಲದಿದ್ದರೆ ಎಷ್ಟಿರುತ್ತಿತ್ತೋ ಅದಕ್ಕಿಂತ ಶೇ. 8ರಷ್ಟು ಕಡಿಮೆ. ಹುಡುಗರಲ್ಲಿ ಆ ಇಳಿಕೆ ಕಾಣಲಿಲ್ಲ.

ನಮ್ಮಲ್ಲೂ ತಂಪು ಪಾನೀಯಕ್ಕೆ ಜಿಎಸ್‌ಟಿ ಶೇ. 40 ಇದೆ. ಆದರೆ ಸಕ್ಕರೆ ಇದ್ದರೂ ಅಷ್ಟೇ, ಬರೀ ಸಿಹಿಕಾರಕ ಇದ್ದರೂ ಅಷ್ಟೇ. ಕಂಪನಿ ಯಾಕೆ ಸಕ್ಕರೆ ಕಡಿಮೆ ಮಾಡಬೇಕು ಹೇಳಿ? ಇನ್ನೊಂದು, ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2020ರ ನಿಯಮದ ಪ್ರಕಾರ ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿ ಮಾರುವಂತಿಲ್ಲ. ಈ ನಿಯಮ ಇದೆ ಅಂತ ಪೋಷಕರಿಗೇ ಗೊತ್ತಿಲ್ಲ. ಭಾರತದಲ್ಲಿ 5ರಿಂದ 19 ವರ್ಷದೊಳಗೆ ಬೊಜ್ಜಿದ್ದ ಮಕ್ಕಳು 1990ರಲ್ಲಿ ಸುಮಾರು 4 ಲಕ್ಷ, 2022ರಲ್ಲಿ 1.25 ಕೋಟಿ. ಅಷ್ಟೂ ಮನೆಗಳ ಅಮ್ಮಂದಿರು ಒಟ್ಟಿಗೇ ಸೋಮಾರಿಗಳಾದರಾ? ಅಕ್ಕ, ಮನೆಯಲ್ಲಿ ಮಾಡುವುದನ್ನು ಮಾಡಿ, ಜೊತೆಗೆ ನಾಲ್ಕು ಜನ ಪೋಷಕರು ಸೇರಿ ಶಾಲೆಗೆ ಆ ನಿಯಮದ ಪ್ರತಿ ಕೊಡಿ. ಸಿಬಿಎಸ್‌ಇ ಶಾಲೆಯಾದರೆ ತಿಂಡಿ, ಪಾನೀಯದಲ್ಲಿ ಸಕ್ಕರೆ ಎಷ್ಟಿದೆ ಅಂತ ಶಾಲೆಯಲ್ಲಿ ಬೋರ್ಡು ಹಾಕಬೇಕು ಅನ್ನುವ, 2025ರಲ್ಲಿ ಬಂದಿರುವ 'ಶುಗರ್ ಬೋರ್ಡ್' ಸುತ್ತೋಲೆ ಬಗ್ಗೆಯೂ ಕೇಳಿ.

---

ಮೈಸೂರಿನ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೊಂಟ 72 ಬಂತು. ಬಸುರಿಯಲ್ಲಿ ನನಗೆ ಶುಗರ್ ಇತ್ತು, ಎರಡೂ ಸಲ. ಇದುವರೆಗೆ ಯಾರೂ ಅದನ್ನು ಮಗನ ತೂಕದ ಜೊತೆ ಸೇರಿಸಿ ಕೇಳಿರಲಿಲ್ಲ. ಡಾಕ್ಟ್ರೇ, ಇಂಜೆಕ್ಷನ್ ಬಗ್ಗೆ ಹೇಳಿ, ಮನೆಯಲ್ಲಿ ಅದೇ ಚರ್ಚೆ. ಯಾವ ಟೆಸ್ಟ್ ಮಾಡಿಸಲಿ? ಮತ್ತೆ ನೆಂಟರು ಬಂದಾಗಲೆಲ್ಲ "ಏನೋ ಡುಮ್ಮ" ಅನ್ನುತ್ತಾರೆ. ಅವನು ನಗುತ್ತಾನೆ. ಆಮೇಲೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ.

---

ಮಕ್ಕಳ ಡಾಕ್ಟರ್, ದಾವಣಗೆರೆ

ಡುಮ್ಮ ಅನ್ನುವುದನ್ನು ಮೊದಲು ನಿಲ್ಲಿಸಿ, ಇದನ್ನೂ ಚಿಕಿತ್ಸೆಯ ಭಾಗ ಅಂತಲೇ ಹೇಳುತ್ತಿದ್ದೇನೆ. ತೂಕದ ಬಗ್ಗೆ ಚುಡಾಯಿಸಿಕೊಂಡ ಮಕ್ಕಳಲ್ಲಿ ಮುಂದೆ ತೂಕ ಇನ್ನೂ ಜಾಸ್ತಿಯಾಗುತ್ತದೆ ಅಂತ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಿವೆ. ನೆಂಟರಿಗೆ ನೀವಲ್ಲ, ಮನೆಯ ಹಿರಿಯರು ಹೇಳಬೇಕು. ಅತ್ತೆಯವರು ಒಂದು ಸಲ ಗಟ್ಟಿಯಾಗಿ ಹೇಳಿದರೆ ಆ ಮಾತು ನಿಲ್ಲುತ್ತದೆ. ಮನೆಯಲ್ಲೂ ತೂಕದ ಮಾತು ಬೇಡ, ಊಟ, ಆಟ, ನಿದ್ದೆಯ ಮಾತು ಸಾಕು. ತೂಕದ ಯಂತ್ರ ಕ್ಲಿನಿಕ್‌ನಲ್ಲೇ ಇರಲಿ.

ಇಂಜೆಕ್ಷನ್ ವಿಷಯ. ಸೆಮಾಗ್ಲುಟೈಡ್ ಅನ್ನು 12ರಿಂದ 18 ವರ್ಷದೊಳಗಿನ 201 ಮಕ್ಕಳಲ್ಲಿ 68 ವಾರ ಕೊಟ್ಟು ನೋಡಿ, 2022ರಲ್ಲಿ ಪ್ರಕಟಿಸಿದರು. ಬಿಎಂಐ ಸರಾಸರಿ ಶೇ. 16 ಇಳಿಯಿತು, ಔಷಧಿ ಇಲ್ಲದ ಇಂಜೆಕ್ಷನ್ ಪಡೆದವರಲ್ಲಿ ಏನೂ ಇಳಿಯಲಿಲ್ಲ. 6ರಿಂದ 12 ವರ್ಷದೊಳಗಿನವರಲ್ಲಿ ಅದೇ ಬಗೆಯ ಲಿರಾಗ್ಲುಟೈಡ್ ಇಂಜೆಕ್ಷನ್ ಕೊಟ್ಟು ನೋಡಿದ್ದಾರೆ, 2024ರದು, ಅಲ್ಲಿ ಇಳಿದದ್ದು ಶೇ. 6ರಷ್ಟು. ಔಷಧಿ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಇಲ್ಲ, ತೀವ್ರ ಬೊಜ್ಜಿನ ಹದಿಹರೆಯದವರಿಗೆ ಇದೊಂದು ದೊಡ್ಡ ದಾರಿ. ಆದರೆ ವಾಂತಿ, ಹೊಟ್ಟೆ ತೊಳಸುವುದು ಸಾಮಾನ್ಯ. ನಿಲ್ಲಿಸಿದರೆ ತೂಕ ವಾಪಸ್ ಬರುತ್ತದೆ. ಬೆಳೆಯುವ ಮಗುವಿಗೆ ಇಪ್ಪತ್ತು ವರ್ಷ ಕೊಟ್ಟರೆ ಏನಾಗುತ್ತದೆ ಅಂತ ನೋಡಿದ ಅಧ್ಯಯನ ಇನ್ನೂ ಇರಲು ಸಾಧ್ಯವೇ ಇಲ್ಲ. ನಿಮ್ಮ ಮಗನಿಗೆ 9, ತೂಕ ನಿಂತರೆ ಸಾಕಾಗುವ ಹಂತ. ಈಗ ಬೇಡ.

ಟೆಸ್ಟ್‌ಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ. ಗ್ಲೂಕೋಸ್, ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವುದು), ರಕ್ತದ ಕೊಬ್ಬಿನಂಶ, ಲಿವರಿಗೆ ತೊಂದರೆ ಇದೆಯಾ ಅಂತ ತೋರಿಸುವ ಎಎಲ್‌ಟಿ ನೋಡಿಸಿ, ಬಿಪಿಯನ್ನು ಮಕ್ಕಳ ಅಳತೆಯ ಪಟ್ಟಿ ಕಟ್ಟಿ ನೋಡಲಿ. ಥೈರಾಯ್ಡ್ ಇರಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹಾರ್ಮೋನ್ ತೊಂದರೆಯಿಂದ ದಪ್ಪಗಾದ ಮಕ್ಕಳು ಸಾಮಾನ್ಯವಾಗಿ ಕುಳ್ಳಗಿರುತ್ತಾರೆ, ಎತ್ತರ ನಿಂತುಹೋಗಿರುತ್ತದೆ. ಇವನ ಎತ್ತರ ವಯಸ್ಸಿಗೆ ಚೆನ್ನಾಗಿಯೇ ಇದೆ, ಹಾಗಾಗಿ ಅದರ ಸಾಧ್ಯತೆ ಕಡಿಮೆ. ಗೊರಕೆ ಹೊಡೆಯುತ್ತಾನಾ, ನಿದ್ದೆಯಲ್ಲಿ ಉಸಿರು ಕಟ್ಟಿದ ಹಾಗೆ ಆಗುತ್ತಾ ಅಂತ ಒಂದೆರಡು ರಾತ್ರಿ ಗಮನಿಸಿ, ಹಾಗೇನಾದರೂ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಹೋಗುವಾಗ ನಿಮ್ಮ ಎರಡೂ ಹೆರಿಗೆಯ ಫೈಲು, ಮಗನ ಹಳೇ ಲಸಿಕೆ ಕಾರ್ಡು ತಗೊಂಡು ಹೋಗಿ. ಕಾರ್ಡಿನಲ್ಲಿ ಹಿಂದಿನ ತೂಕಗಳು ಇದ್ದರೆ ಯಾವ ವಯಸ್ಸಿನಲ್ಲಿ ಗೆರೆ ಮೇಲೆ ತಿರುಗಿತು ಅಂತ ಗೊತ್ತಾಗುತ್ತೆ. ಮಗಳನ್ನೂ ಕರೆದುಕೊಂಡು ಹೋಗಿ.